ಐಸ್ ಫ್ಯಾಕ್ಟರಿ ಹುಲುಗಪ್ಪನ ಮೂಗು ಮತ್ತು ಗಂಧಕದ ಬತ್ತಿ

ಹಡಗಲಿಯಿಂದ ಹೊಳಲಿನ ಕಡೆ ಹೊರಟರೆ, ಊರು ಮುಗಿಯುವ ಮೊದಲೇ ಎಡಗಡೆ ತಗಡಿನ ಛಾವಣಿಯ ಉದ್ದನೆಯ ಕಟ್ಟಡವೊಂದು ಸಿಗುತ್ತದೆ. ಅದು ಗುರುಸಂಗಪ್ಪ ಸಾವ್ಕಾರರ ಐಸ್ ಫ್ಯಾಕ್ಟರಿ. ಅಲ್ಲಿ ಇಪ್ಪತ್ತೆಂಟು ವರ್ಷದಿಂದ ಮಿಷನ್ ನಡೆಸುತ್ತಿರುವವನು ಹುಲುಗಪ್ಪ. ಓದಿದ್ದು ನಾಲ್ಕನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಮೀಸೆ ದಪ್ಪ, ಮಾತು ಕಡಿಮೆ, ಸಿಟ್ಟು ಮಾತ್ರ ಕೇಳಿದಷ್ಟು. ಆದರೆ ಊರಿಗೆ ಅವನು ಗೊತ್ತಿದ್ದದ್ದು ಇದ್ಯಾವುದರಿಂದಲೂ ಅಲ್ಲ, ಮೂಗಿನಿಂದ.

ನೋಡಲಿಕ್ಕೆ ಅದೇನು ದೊಡ್ಡ ಮೂಗಲ್ಲ. ತುದಿಯಲ್ಲಿ ಸ್ವಲ್ಪ ಎಡಕ್ಕೆ ಸೊಟ್ಟಗಾಗಿದೆ, ಅಷ್ಟೇ. ಆದರೂ ಮಂದಿ ತುಪ್ಪದ ಡಬ್ಬಿ ತಂದು ಅವನ ಮೂಗಿನ ಕೆಳಗೆ ಹಿಡಿಯುತ್ತಿದ್ದರು. ಅವನು ಕಣ್ಣು ಮುಚ್ಚಿ ಒಮ್ಮೆ ಎಳೆದು, "ಡಾಲ್ಡಾ ಬೆರಸ್ಯಾನ, ವಾಪಸ್ ಕೊಟ್ಟು ಬಾ" ಅಂದರೆ ಮುಗಿಯಿತು, ಆ ತುಪ್ಪದವನು ಆ ಓಣಿಗೆ ಮತ್ತೆ ಬರುವಂತಿರಲಿಲ್ಲ. ಮಲ್ಲಿಗೆ ಮೊಗ್ಗು ಇವತ್ತಿನದೋ ನಿನ್ನೆಯದೋ ಅಂತ ಬುಟ್ಟಿಯ ಬಟ್ಟೆ ತೆಗೆಯದೆ ಹೇಳುತ್ತಿದ್ದ. ಹೇಳಿ, ಇಷ್ಟೇನಾ ಅನ್ನುವ ಹಾಗೆ ಬೀಡಿ ಹಚ್ಚುತ್ತಿದ್ದ. ಆ ಗತ್ತು ನೋಡಿದವರಿಗೇ ಗೊತ್ತು.

ಐಸ್ ಫ್ಯಾಕ್ಟರಿಯಲ್ಲಿ ಮೂಗಿಗೆ ಏನು ಕೆಲಸ ಅಂತ ಕೇಳುವವರು ಇರುತ್ತಾರೆ. ಐಸು ಆಗುವುದು ಅಮೋನಿಯಾ ಗ್ಯಾಸಿನಿಂದ. ಮಿಷನ್ನು ಅದನ್ನು ಅದುಮಿ ಅದುಮಿ ನೀರಿನ ಹಾಗೆ ಮಾಡುತ್ತದೆ. ಆ ನೀರು ಉಪ್ಪುನೀರಿನ ತೊಟ್ಟಿಯೊಳಗಿನ ಕಬ್ಬಿಣದ ಪೈಪಿನಲ್ಲಿ ಹರಿಯುತ್ತ ಮತ್ತೆ ಗ್ಯಾಸಾಗುವಾಗ ತೊಟ್ಟಿಯ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. ತೊಟ್ಟಿಯಲ್ಲಿ ಇಳಿಬಿಟ್ಟ ಡಬ್ಬಿಗಳ ನೀರು ಕಲ್ಲಾಗುತ್ತದೆ. ಪೈಪಿನೊಳಗೆ ಇರುವ ತನಕ ಅದರಂಥ ನಿಯತ್ತಿನ ಕೂಲಿಯಾಳು ಇನ್ನೊಬ್ಬನಿಲ್ಲ. ಹೊರಗೆ ಬಂದರೆ ಮಾತ್ರ ಅದಕ್ಕೆ ನೀರು ಬೇಕು, ಎಲ್ಲಿ ಒದ್ದೆ ಇದೆ ಅಂತ ಹುಡುಕುತ್ತದೆ. ಮನುಷ್ಯನ ಮೈಯಲ್ಲಿ ಒದ್ದೆ ಇರುವುದೆಲ್ಲಿ? ಕಣ್ಣಲ್ಲಿ, ಗಂಟಲಲ್ಲಿ, ಎದೆಯೊಳಗೆ, ಬೆವರಿದ ಕಂಕುಳಲ್ಲಿ. ಅಲ್ಲಿ ಹೋಗಿ ಸುಣ್ಣದ ಹಾಗೆ ಸುಡುತ್ತದೆ. ಸ್ವಲ್ಪವಾದರೆ ಕಣ್ಣೀರು, ಕೆಮ್ಮು. ಜಾಸ್ತಿಯಾದರೆ ಕಣ್ಣು ಹೋಗುತ್ತದೆ, ಉಸಿರೇ ಕಟ್ಟುತ್ತದೆ. ಗಾಳಿಗಿಂತ ಹಗುರ, ಅದಕ್ಕೇ ಮೇಲಕ್ಕೇರಿ ಛಾವಣಿ ಹಿಡಿದು ಕೂತುಕೊಳ್ಳುತ್ತದೆ.

ಆ ಛಾವಣಿಯ ಕೆಳಗೇ ಹೂವು ತುಂಬುವ ದೊಡ್ಡ ಹಾಲ್ ಇದೆ. ಸುತ್ತಲಿನ ತೋಟಗಳಿಂದ ಬಂದ ಮಲ್ಲಿಗೆಯನ್ನು ಐಸಿನ ಜೊತೆ ಥರ್ಮಾಕೋಲ್ ಡಬ್ಬಿಯಲ್ಲಿ ತುಂಬಿ ದಾವಣಗೆರೆ, ಹುಬ್ಬಳ್ಳಿ ಬಸ್ಸಿಗೆ ಹಾಕಲು ಹನ್ನೊಂದು ಮಂದಿ ಹೆಂಗಸರು ಅಲ್ಲಿ ಕೂರುತ್ತಾರೆ. ಹಾಲ್‌ಗೂ ಮಿಷನ್ ರೂಮಿಗೂ ನಡುವಿನ ಗೋಡೆ ಛಾವಣಿ ಮುಟ್ಟುವುದಿಲ್ಲ, ಮೇಲೆ ನಾಲ್ಕಡಿ ಬಯಲು. ಯಾವ ಬುದ್ಧಿವಂತ ಹಾಗೆ ಕಟ್ಟಿಸಿದನೋ, ಅವನನ್ನು ಹಿಡಿದು ತಂದು ಅದರ ಕೆಳಗೇ ಕೂರಿಸಬೇಕು.

ಹಾಗಾಗಿ ಅಲ್ಲೊಂದು ಪದ್ಧತಿ ಬೆಳೆದಿತ್ತು. ಬೆಳಿಗ್ಗೆ ಎಂಟಕ್ಕೆ ಹೆಂಗಸರು ಬುಟ್ಟಿ ಹೊತ್ತು ಅಂಗಳದಲ್ಲಿ ನಿಲ್ಲುತ್ತಿದ್ದರು. ಹುಲುಗಪ್ಪ ಮಿಷನ್ ರೂಮಿನ ಬಾಗಿಲು ತೆಗೆದು, ಕತ್ತು ಒಳಗೆ ಹಾಕಿ, ಎರಡು ಸಲ ಮೂಗೆಳೆದು, ಹಿಂದಕ್ಕೆ ತಿರುಗಿ "ಹೂಂ" ಅನ್ನುತ್ತಿದ್ದ. ಆ ಹೂಂ ಆದ ಮೇಲೆಯೇ ಹಾಲ್ ಒಳಗೆ ಕಾಲು. ಯಾರಾದರೂ ದೊಡ್ಡ ಮನುಷ್ಯರು ಫ್ಯಾಕ್ಟರಿ ನೋಡಲು ಬಂದರೆ ಸಾವ್ಕಾರರು, "ನಮ್ಮಲ್ಲಿ ಮೀಟರ್ ಗೀಟರ್ ಇಲ್ಲ, ಹುಲುಗಪ್ಪ ಅದಾನ" ಅಂತ ಅವನ ಭುಜ ತಟ್ಟುತ್ತಿದ್ದರು.

ಮಿಷನ್ ಕಂಪನಿಯವರು ಕೊಟ್ಟ ಗಂಧಕದ ಬತ್ತಿಗಳ ಡಬ್ಬಿಯೊಂದು ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ಬತ್ತಿ ಹಚ್ಚಿ ಪೈಪಿನ ಜೋಡಣೆಗಳ ಹತ್ತಿರ ಆಡಿಸಬೇಕು. ಗ್ಯಾಸು ಸೋರುತ್ತಿದ್ದರೆ ಬೆಳ್ಳಗೆ ಹೊಗೆ ಏಳುತ್ತದೆ. ಹುಲುಗಪ್ಪ ಅದಕ್ಕೆ ಇಟ್ಟ ಹೆಸರು "ಮೂಗಿಲ್ಲದವರ ಬತ್ತಿ". ಇಪ್ಪತ್ತಾರು ವರ್ಷ ಅದನ್ನು ಮುಟ್ಟಿರಲಿಲ್ಲ.

ಎರಡು ವರ್ಷದ ಹಿಂದೆ ಆ ಜ್ವರ ಬಂತು. ಎಲ್ಲರಿಗೂ ಬಂದದ್ದೇ. ಹುಲುಗಪ್ಪ ಹನ್ನೆರಡು ದಿನ ಮಲಗಿ ಎದ್ದ. ಎದ್ದು ನಾಲ್ಕನೇ ದಿನ ಒಲೆಯ ಪಕ್ಕದಲ್ಲೇ ಕೂತು ಕ್ರಿಕೆಟ್ ಕೇಳುತ್ತಿದ್ದ. ಹೆಂಡತಿ ಗಿಡ್ಡಮ್ಮ ನೀರಿಗೆ ಹೋಗಿ ಬರುವಷ್ಟರಲ್ಲಿ ಹಾಲು ಸೀದು, ಪಾತ್ರೆ ಕರಕಲಾಗಿ, ಪಕ್ಕದ ಮನೆಯವರು ಬಂದು ಬಾಗಿಲಲ್ಲಿ ನಿಂತಿದ್ದರು. ಇವನು ಸ್ಕೋರು ಕೇಳುತ್ತಲೇ ಇದ್ದ.

ಗಿಡ್ಡಮ್ಮ ಸೀದ ಪಾತ್ರೆ ಎತ್ತಿ ಹೊರಗಿಟ್ಟಳು. ಸಂಜೆ ಗಂಡನನ್ನು ಕೂರಿಸಿ, "ಕಣ್ಣು ಮುಚ್ಚು" ಅಂದಳು. ಇಂಗಿನ ಡಬ್ಬಿ ತೆಗೆದು ಮೂಗಿಗೆ ಹಿಡಿದಳು.

"ಏನಿದು?"

ಹುಲುಗಪ್ಪ ಎಳೆದ. ಮತ್ತೊಮ್ಮೆ ಎಳೆದ. ಊರ ಮರ್ಯಾದೆಯೇ ಮೂಗಿನ ತುದಿಗೆ ಬಂದು ಕೂತಿತ್ತು. "ಮಲ್ಲಿಗಿ" ಅಂದ.

ಗಿಡ್ಡಮ್ಮ ಡಬ್ಬಿಯ ಮುಚ್ಚಳ ಹಾಕಿ, "ಊರಾಗ ಯಾರಿಗೂ ಹೇಳಬ್ಯಾಡ, ನಾಳೆ ದವಾಖಾನಿಗಿ ಹೋಗೂಣು" ಅಂದಳು.

ಡಾಕ್ಟರು ಬ್ಯಾಟರಿ ಹಾಕಿ ನೋಡಿ, ವಾಸನೆ ತಿಳಿಯುವ ನರ ಸೊರಗಿದೆ, ಬಂದರೆ ಬರಬಹುದು ಅಂದರು. ಒಂದು ಮಾತು ಮಾತ್ರ ಒತ್ತಿ ಹೇಳಿದರು: "ಉರಿ ನಿನಗೆ ತಿಳಿತೈತಿ, ಅದು ಬೇರೆ ನರ. ಗ್ಯಾಸು ಜೋರಾದ್ರ ಕಣ್ಣು, ಗಂಟಲು ಉರಿತಾವ. ಆದ್ರ ಅಷ್ಟು ಹೊತ್ತಿಗೆ ತಡ ಆಗಿರತೈತಿ. ಸಾವ್ಕಾರ್ರಿಗೆ ಹೇಳಿಬಿಡು."

ಹೇಳುವುದು ಹೇಗೆ? ಮೂಗು ಹೋಯಿತು ಅಂದರೆ ಹುಲುಗಪ್ಪ ಹೋದ ಅಂತಲೇ ಅರ್ಥ. ಐ.ಟಿ.ಐ. ಮುಗಿಸಿದ ಹುಡುಗರು ಸಾಲುಗಟ್ಟಿ ನಿಂತಿದ್ದಾರೆ. ಐವತ್ತೈದು ವರ್ಷದ, ಅರ್ಧ ನಾಲ್ಕನೇ ಕ್ಲಾಸಿನವನಿಗೆ ಯಾರು ಇನ್ನೊಂದು ಮಿಷನ್ ಕೊಡುತ್ತಾರೆ? ಹೂಂ ಅನ್ನುವುದಕ್ಕೆ ಮೂಗೇನು, ಬಾಯಿ ಸಾಕು ಅಂತ ಮೊದಲ ವಾರ ಸುಮ್ಮನೆ ಹೂಂ ಅಂದ. ಆದರೆ ಅವನೂ ಮನುಷ್ಯನೇ. ಹನ್ನೊಂದು ಮಂದಿಯಲ್ಲಿ ಗಿಡ್ಡಮ್ಮನೂ ಒಬ್ಬಳು. ಅವಳು ಬುಟ್ಟಿ ಹೊತ್ತು ಒಳಗೆ ಹೋದರೆ, ಹೊರಗೆ ಬರುವ ತನಕ ಇವನು ಬಾಗಿಲ ಕಡೆಗೇ ನೋಡುತ್ತಿದ್ದ.

ಎಂಟನೇ ದಿನ ಬೆಳಿಗ್ಗೆ ಏಳೂವರೆಗೇ ಬಂದು, ಕಪಾಟು ತೆಗೆದು, ಮೂಗಿಲ್ಲದವರ ಬತ್ತಿಯ ಧೂಳು ಒರೆಸಿದ.

ಆ ಬತ್ತಿ ಮೊದಲ ವಾರದಲ್ಲೇ ಎರಡು ಕಡೆ ಸೋರಿಕೆ ತೋರಿಸಿತು. ಎರಡೂ ಹಳೆಯವು, ಪೈಪಿನ ಮೇಲೆ ಕಲೆ ಕಟ್ಟಿತ್ತು. ಮೂಗು ನೆಟ್ಟಗಿದ್ದ ಕಾಲದಲ್ಲೇ ಶುರುವಾದ ಸೋರಿಕೆ! ದಿನಾ ಅದೇ ಗಾಳಿ ಕುಡಿದವನ ಮೂಗಿಗೆ ಸ್ವಲ್ಪ ಗ್ಯಾಸು ರೂಢಿಯಾಗಿ ತಿಳಿಯುವುದೇ ಇಲ್ಲ ಅಂತ ಕಂಪನಿಯವರು ಹಿಂದೆ ಹೇಳಿದ್ದರು, ಇವನು ನಕ್ಕಿದ್ದ. ಈಗ ಪಾನಾ ಹಾಕಿ ಎರಡನ್ನೂ ಬಿಗಿ ಮಾಡಿದ. ಸತ್ಯ ಹೇಳಬೇಕೆಂದರೆ ಆ ಫ್ಯಾಕ್ಟರಿ ಅಷ್ಟು ಸುರಕ್ಷಿತವಾಗಿದ್ದದ್ದು ಅದರ ಮೂಗು ಸತ್ತ ಮೇಲೆಯೇ.

ಎಲ್ಲ ಸರಿಯಾಗಿತ್ತು. ಒಂದೇ ಒಂದು ವಿಷಯ ಅವನ ಲೆಕ್ಕಕ್ಕೆ ಬಂದಿರಲಿಲ್ಲ. ಗಂಧಕ ಸುಟ್ಟರೆ ನಾರುತ್ತದೆ. ಸಾಮಾನ್ಯ ನಾತವಲ್ಲ, ಒಂದು ಓಣಿಯ ಪಟಾಕಿಯನ್ನೆಲ್ಲ ಒಂದೇ ಸಲ ಹಚ್ಚಿದ ಹಾಗೆ. ಕದ್ದು ಹಚ್ಚಿ, ಆರಿಸಿ, ಬತ್ತಿಯನ್ನು ಅಂಗಿಯ ಜೇಬಿಗೆ ಇಟ್ಟುಕೊಂಡು, ಏನೂ ಆಗಿಲ್ಲದವನ ಹಾಗೆ ಬಾಗಿಲಲ್ಲಿ ನಿಂತು ಮೂಗೆಳೆದು "ಹೂಂ" ಅನ್ನುತ್ತಿದ್ದ. ಹನ್ನೊಂದು ಮಂದಿಯೂ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಹೆಂಗಸರಲ್ಲಿ ಹಿರಿಯಳು ತಿಪ್ಪೇರುದ್ರಮ್ಮ. ಅವಳ ಬಾಯಿಗೆ ಸಾವ್ಕಾರರೂ ಹೆದರುತ್ತಿದ್ದರು.

"ಹುಲುಗಪ್ಪಣ್ಣ, ಇವತ್ತು ಏನೋ ವಾಸನಿ ಬರಾಕತ್ತೈತಿ ಅಲ್ಲ?"

"ಮಲ್ಲಿಗಿ ವಾಸನಿ."

"ಅದು ಬಿಟ್ಟು?"

"ಅದು ಬಿಟ್ಟು ಏನೈತಿ? ನಿನ್ನ ಎಲಿ ಅಡಿಕಿ ವಾಸನಿ."

"ಬಾಯಾಗ ಎಲಿ ಅಡಿಕಿ ಹಾಕ್ಕಂಡೇ ಇಲ್ಲೋ ಅಣ್ಣ ನಾನು ಇವತ್ತು" ಅಂತ ಅವಳು ಬಾಯಿ ಅಗಲಿಸಿ ತೋರಿಸಿದಳು. ಹಿಂದಿನವರು ಬುಟ್ಟಿಯ ಮರೆಯಲ್ಲಿ ನಕ್ಕರು. ಗಿಡ್ಡಮ್ಮ ಮಾತ್ರ ನಗಲಿಲ್ಲ.

ಹೀಗೇ ಎರಡು ವರ್ಷ ಹತ್ತಿರ ಬಂತು. ಮೂಗು ಹೋದದ್ದು ಹೆಂಗಸರಿಗೆ ಗೊತ್ತು, ಹುಲುಗಪ್ಪನಿಗೆ ಅವರಿಗೆ ಗೊತ್ತಿರುವುದು ಗೊತ್ತಿಲ್ಲ. ಬತ್ತಿ ಹಚ್ಚುತ್ತಿದ್ದಾನಲ್ಲ, ಸಾಕು ಅಂತ ಅವರೂ ಸುಮ್ಮನಿದ್ದರು. ಕೆಡಿಸಿದವನು ದಾವಣಗೆರೆಯ ಹೂವಿನ ವ್ಯಾಪಾರಿ. ಬೀಗರ ಮನೆಗೆ ಹೋದ ಹಾರ ಪಟಾಕಿ ನಾರುತ್ತಿತ್ತಂತೆ. ಹಡಗಲಿ ಮಲ್ಲಿಗೆ ಅಂದರೆ ಇದೇನಾ ಅಂತ ಫೋನಿನಲ್ಲೇ ಕೂಗಾಡಿದ.

ಸಾವ್ಕಾರರಿಗೆ ಸಿಟ್ಟು ನೆತ್ತಿಗೇರಿತು. ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿದರು.

"ನನ್ನ ಫ್ಯಾಕ್ಟರ್ಯಾಗ ಯಾರೋ ಪಟಾಕಿ ಹೊಡಿತಾರ. ಯಾರು ಅಂತ ಈಗ ಗೊತ್ತಾಗ್ಬೇಕು." ಆಮೇಲೆ ತಿರುಗಿ, "ಹುಲುಗಪ್ಪ, ನೀನು ಅದೀಯಲ್ಲ. ಮೂಸಿ ಹಿಡಿದು ಕೊಡು" ಅಂದರು.

ಪಾಪ, ಹುಲುಗಪ್ಪ ಏನು ಮಾಡಬೇಕು? ಜೇಬಿನಲ್ಲಿ ಬತ್ತಿ ಬೆಚ್ಚಗೆ ಕೂತಿತ್ತು. ಅದನ್ನೇ ಹೊತ್ತುಕೊಂಡು ಫ್ಯಾಕ್ಟರಿಯ ಸುತ್ತ ಮೂಸುತ್ತ ಹೊರಟ. ತೊಟ್ಟಿ ಮೂಸಿದ, ಉಪ್ಪಿನ ಚೀಲ ಮೂಸಿದ, ಸಾವ್ಕಾರರ ಕಾರಿನ ಡಿಕ್ಕಿ ಮೂಸಿದ. ಅವನು ಹೋದಲ್ಲೆಲ್ಲ ವಾಸನೆಯೂ ಹೋಗುತ್ತಿತ್ತು. "ಇಲ್ಲೂ ಐತಿ ನೋಡ್ರಿ ವಾಸನಿ, ಇಲ್ಲೂ ಐತಿ" ಅಂತ ತಿಪ್ಪೇರುದ್ರಮ್ಮ ಹಿಂದೆ ಹಿಂದೆಯೇ ಬರುತ್ತಿದ್ದಳು. ಕೊನೆಗೆ ಹುಲುಗಪ್ಪನಿಗೆ ತಡೆಯದೆ ಕಾಂಪೌಂಡಿನ ಆಚೆ ಕೈ ತೋರಿಸಿದ.

"ಅಲ್ಲಿಂದ ಬರತೈತಿ. ಅಂಜಿನೇಯಲು ಟೈರ್ ಸುಡ್ತಾನ."

ಅಂಜಿನೇಯಲು ಪಕ್ಕದ ಪಂಕ್ಚರ್ ಅಂಗಡಿಯವನು. ಟೈರ್ ತೇಪೆ ಹಾಕುವವನೇ ಹೊರತು ಸುಡುವವನಲ್ಲ. ಸಾವ್ಕಾರರು ಹೋಗಿ ನಾಲ್ಕು ಮಂದಿ ಗಿರಾಕಿಗಳೆದುರು ಅವನಿಗೆ ಬೈದು ಬಂದರು. ಅವನು ಪಾನಾ ಕೈಯಲ್ಲಿ ಹಿಡಿದೇ ಕಾಂಪೌಂಡಿನ ಮೇಲಿಂದ ಹುಲುಗಪ್ಪನನ್ನು ನೋಡಿದ. "ಹತ್ತು ವರ್ಷ ಪಕ್ಕದಾಗ ಅದೀನಿ. ಎಂದಾರ ಟೈರ್ ಸುಟ್ಟಿದ್ದು ನೋಡಿಯೇನು ನೀನು?" ಅಂದ. ಹುಲುಗಪ್ಪ ಕೇಳಿಸದವನ ಹಾಗೆ ಒಳಗೆ ಹೋದ.

ಅವತ್ತು ಮನೆಗೆ ಬಂದು, "ಇನ್ಮೇಲೆ ಬತ್ತಿ ಹಚ್ಚಂಗಿಲ್ಲ" ಅಂದ.

ಗಿಡ್ಡಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಮತ್ತ ಗ್ಯಾಸು ಹೆಂಗ ಗೊತ್ತಾಗತೈತಿ?"

"ಜೋಡಣಿ ಎಲ್ಲ ಬಿಗಿ ಮಾಡೀನಿ. ಎಲ್ಲಿಂದ ಸೋರತೈತಿ?"

"ಸಾವ್ಕಾರ್ರಿಗೆ ಹೇಳು."

"ಹೇಳಿ ಏನು ಮಾಡ್ಲಿ? ನೀ ಬಡಿಯೋ ರೊಟ್ಟಿ ಎಣಿಸ್ತ ಕುಂದರ್ಲೇನು ಮನ್ಯಾಗ?"

ಅವಳು ಮತ್ತೆ ಬಡಿಯತೊಡಗಿದಳು, ಮೊದಲಿಗಿಂತ ಜೋರಾಗಿ.

ಮೂರು ದಿನ ಬತ್ತಿ ಇಲ್ಲದ ಹೂಂ ನಡೆಯಿತು. ನಾಲ್ಕನೆಯ ದಿನ ಬೆಳಿಗ್ಗೆ ಗಾಳಿ ಅಂಗಳದ ಕಡೆಯಿಂದ ಫ್ಯಾಕ್ಟರಿಯ ಮೇಲೆ ಬೀಸುತ್ತಿತ್ತು, ಒಳಗಿನದು ಹೊರಗಿನವರಿಗೆ ತಿಳಿಯುವಂತಿರಲಿಲ್ಲ. ಹುಲುಗಪ್ಪ ಬಾಗಿಲು ತೆಗೆದ, ಕತ್ತು ಹಾಕಿದ, ಎರಡು ಸಲ ಎಳೆದ. ಮೂಗಿಗೆ ಏನೂ ತಿಳಿಯಲಿಲ್ಲ, ಅದೇನು ಹೊಸದಲ್ಲ. ಕಣ್ಣು ಉರಿಯಲಿಲ್ಲ. "ಹೂಂ" ಅಂದ.

ಗಿಡ್ಡಮ್ಮ ಹಾಲ್‌ನ ಹೊಸ್ತಿಲ ಮುಂದೆ ಬಂದು ನಿಂತಳು. ನಿಂತವಳು ದಾಟಲಿಲ್ಲ.

"ಬತ್ತಿ ಹಚ್ಚು."

"ಯಾವ ಬತ್ತಿ?"

"ಯಾವ ಬತ್ತಿ ಅಂತ ನನ್ನನ್ನ ಕೇಳ್ತೀಯೇನು? ಗಂಧಕದ ಬತ್ತಿ."

ಹುಲುಗಪ್ಪನ ಮುಖ ಕೆಂಪಾಯಿತು. "ಹೂಂ ಅಂದೀನಲ್ಲ. ಸರಿ ಒಳಗ."

"ಅಂದಿ. ಬತ್ತಿ ನೋಡದ ನಾನು ಹೋಗಂಗಿಲ್ಲ. ನನ್ನನ್ನ ದಾಟಿ ಯಾರೂ ಹೋಗಂಗಿಲ್ಲ."

"ಗಂಡ ಹೆಂಡ್ತಿ ಜಗಳ ಮನ್ಯಾಗ ಮಾಡ್ಕಳ್ರವ್ವಾ, ಮಲ್ಲಿಗಿ ಅರಳಿ ಹೋಗ್ತಾವ" ಅಂದಳು ತಿಪ್ಪೇರುದ್ರಮ್ಮ. ಅಂದಳೇ ಹೊರತು ಅವಳೂ ಒಂದು ಹೆಜ್ಜೆ ಮುಂದಿಡಲಿಲ್ಲ. ಅಷ್ಟು ಹೊತ್ತಿಗೆ ಸಾವ್ಕಾರರ ಕಾರು ಗೇಟಿನೊಳಗೆ ಬಂತು.

ಎಲ್ಲರೆದುರು ಬತ್ತಿ ಹಚ್ಚುವುದೆಂದರೆ ಎಲ್ಲರೆದುರು ಕೆಲಸ ಬಿಡುವುದು. ಹುಲುಗಪ್ಪ ಹೆಂಡತಿಯನ್ನು ಸುಟ್ಟುಬಿಡುವ ಹಾಗೆ ನೋಡಿದ. ಅವಳು ಬುಟ್ಟಿಯನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡು ಅಲ್ಲೇ ನಿಂತಳು. ಇಪ್ಪತ್ತು ವರ್ಷ ದುಡಿದ ಕಾಲು, ಹಿಮ್ಮಡಿ ಒಡೆದಿತ್ತು. ಆ ಕಾಲು ಹೊಸ್ತಿಲು ದಾಟಿ, ಒಳಗೆ ಏನಾದರೂ ಇದ್ದರೆ? ಹೂಂ ಅಂದವನು ತಾನು.

ಜೇಬಿಗೆ ಕೈ ಹಾಕಿದ. ಬತ್ತಿ ಇರಲಿಲ್ಲ. ಕಪಾಟಿನ ಡಬ್ಬಿ ತಂದು, ಬತ್ತಿಯನ್ನು ಬಿದಿರು ಕೋಲಿನ ತುದಿಗೆ ಕಟ್ಟಿ, ಹಚ್ಚಿ, ಮಿಷನ್ ರೂಮಿನ ಬಾಗಿಲೊಳಗೆ ಚಾಚಿದ. ಮೊಣಕಾಲೆತ್ತರದಲ್ಲಿ ಏನೂ ಇಲ್ಲ. ಸೊಂಟದೆತ್ತರದಲ್ಲಿ ಏನೂ ಇಲ್ಲ.

"ನೋಡಿದ್ಯಾ?" ಅಂದ, ಧ್ವನಿಗೆ ಜೀವ ಬಂತು.

"ಮ್ಯಾಲ ಎತ್ತು" ಅಂದಳು ಗಿಡ್ಡಮ್ಮ. ಗ್ಯಾಸು ಮೇಲಕ್ಕೇರುತ್ತದೆ ಅಂತ ಅವಳಿಗೆ ಹೇಳಿಕೊಟ್ಟವನು ಅವನೇ.

ಎತ್ತಿದ. ಬಾಗಿಲ ಚೌಕಟ್ಟಿನ ಮೇಲಂಚಿಗೆ ಬತ್ತಿ ಮುಟ್ಟಿದ್ದೇ ತಡ, ಅರಳೆ ಬಿಚ್ಚಿದ ಹಾಗೆ ಬೆಳ್ಳಗೆ ದಟ್ಟ ಹೊಗೆ ಎದ್ದಿತು.

ಆಮೇಲೆ ಹುಲುಗಪ್ಪನಿಗೆ ಮೂಗಿನ ನೆನಪಾಗಲಿಲ್ಲ. ಮೊದಲು ಬತ್ತಿಯನ್ನು ಹೊರಗೆಳೆದು ನೀರಿನ ಬಕೆಟ್ಟಿಗೆ ಅದ್ದಿದ. ಮುಚ್ಚಿದ ಕೋಣೆಯಲ್ಲಿ ದಟ್ಟವಾದರೆ ಆ ಗ್ಯಾಸು ಬೆಂಕಿಯನ್ನೂ ಹಿಡಿಯುತ್ತದೆ. "ಗಾಳಿ ಬರೋ ಕಡಿ ಓಡ್ರಿ. ರಸ್ತಿ ಕಡಿ. ಸೆರಗು ಒದ್ದಿ ಮಾಡಿ ಮುಖಕ್ಕ ಹಿಡ್ಕಳ್ರಿ" ಅಂದ. ಬುಟ್ಟಿ ಸಮೇತ ಓಡಲು ಹೊರಟವರ ಬುಟ್ಟಿ ಕಿತ್ತು ಕೆಳಗಿಟ್ಟ. ಹೊರಗಿನ ಸ್ವಿಚ್ಚಿನಿಂದಲೇ ಮಿಷನ್ ನಿಲ್ಲಿಸಿದ. ಫ್ಯಾಕ್ಟರಿ ಇನ್‌ಸ್ಪೆಕ್ಟರಿಗೆ ತೋರಿಸಲೆಂದು ಹೋದ ತಿಂಗಳು ತಂದು ನೇತುಹಾಕಿದ್ದ, ಗ್ಯಾಸು ತಡೆಯುವ ಹಸಿರು ಡಬ್ಬಿಯ ಮಾಸ್ಕಿನ ಕವರನ್ನು ಹಲ್ಲಿನಿಂದ ಹರಿದು ಮುಖಕ್ಕೆ ಬಿಗಿದುಕೊಂಡ. ಅಂಜಿನೇಯಲು ಕೂಗು ಕೇಳಿ ಕಾಂಪೌಂಡು ಹಾರಿ ಬಂದು, ತನ್ನ ಅಂಗಡಿಯ ನೀರಿನ ಪೈಪು ಎಳೆದು, ಬಾಗಿಲಿಗೆ ಮಳೆ ಬಿದ್ದ ಹಾಗೆ ನೀರು ಹಿಡಿದ. ಆ ನೀರಿನ ನಡುವೆ ಹುಲುಗಪ್ಪ ಒಳಗೆ ಹೋಗಿ ಎರಡು ವಾಲ್ವು ತಿರುಗಿಸಿ ಬಂದ. ಕಣ್ಣು ಮುಚ್ಚಿಕೊಂಡರೂ ಆ ವಾಲ್ವು ಎಲ್ಲಿವೆ ಅಂತ ಅವನ ಕೈಗೆ ಗೊತ್ತು. ಮೇಲಿನ ವಾಲ್ವಿನ ಕುತ್ತಿಗೆಗೆ ಸೋರದಂತೆ ಸುತ್ತಿದ್ದ ಪ್ಯಾಕಿಂಗ್ ಸವೆದು ರಾತ್ರಿಯಿಂದ ಸೋರಿ ಛಾವಣಿ ತುಂಬಿತ್ತು.

ಫೈರ್ ಸ್ಟೇಷನ್ನಿನವರು ಬಂದು ಕಿಟಕಿಗಳನ್ನೆಲ್ಲ ತೆಗೆಸಿದರು. ಯಾರಿಗೂ ಏನೂ ಆಗಲಿಲ್ಲ. ಹುಲುಗಪ್ಪನ ಕುತ್ತಿಗೆ ಬೆವರಿದ್ದ ಕಡೆ ಕೆಂಪಗೆ ಸುಟ್ಟಿತ್ತು. ಗಿಡ್ಡಮ್ಮ ಅವನನ್ನು ನಲ್ಲಿಯ ಕೆಳಗೆ ಕೂರಿಸಿ ಕಾಲು ಗಂಟೆ ನೀರು ಬಿಟ್ಟಳು. ಸಾಕು ಅಂದರೂ ಬಿಡಲಿಲ್ಲ.

ಸಾವ್ಕಾರರು ಬಂದು ನಲ್ಲಿಯ ಮುಂದೆ ನಿಂತರು. "ಮೂಗು ಹೋಗಿದ್ದು ಯಾವಾಗಿನಿಂದ?"

"ಎರಡು ವರ್ಷ ಆತ್ರಿ" ಅಂದ ಹುಲುಗಪ್ಪ, ನೀರಿನೊಳಗಿನಿಂದಲೇ.

"ಎರಡು ವರ್ಷಾನ?" ಅಂದಳು ತಿಪ್ಪೇರುದ್ರಮ್ಮ. "ನಾವು ಒಂದು ವರ್ಷ ಅನ್ಕಂಡಿದ್ವಿ."

ಹುಲುಗಪ್ಪ ತಲೆಯೆತ್ತಿ ಹನ್ನೊಂದು ಮುಖವನ್ನೂ ಒಂದೊಂದಾಗಿ ನೋಡಿದ. ಯಾವ ಮುಖದಲ್ಲೂ ಆಶ್ಚರ್ಯ ಇರಲಿಲ್ಲ. ಗ್ಯಾಸಿಗಿಂತ ಅದೇ ಹೆಚ್ಚು ಸುಟ್ಟಿರಬೇಕು.

"ನನಗ್ಯಾಕ ಹೇಳಲಿಲ್ಲಲೇ?" ಅಂದರು ಸಾವ್ಕಾರರು.

"ಹೇಳಿದ್ರ ಇಟ್ಕಳ್ತಿದ್ರೇನ್ರಿ?"

ಸಾವ್ಕಾರರು ಛಾವಣಿ ನೋಡಿದರು. ಮಾತಾಡಿದವಳು ತಿಪ್ಪೇರುದ್ರಮ್ಮ. "ನಾಳಿಗೆ ನೀವು ಹೊಸಾ ಮೂಗಿನವನ್ನ ತಂದ್ರೂ ನಾವು ಬತ್ತಿ ನೋಡೇ ಒಳಗ ಹೋಗೋದು, ಸಾವ್ಕಾರ್ರ. ಹಂಗಾದ ಮ್ಯಾಲ ಮೂಗು ಯಾಕ ಬೇಕು? ವಾಲ್ವು ತಿರುವೋ ಕೈ ಇದ್ರ ಸಾಕು. ಕೈ ಐತಿ ಅಣ್ಣಗ."

ಸಾವ್ಕಾರರು ಬಹಳ ಹೊತ್ತು ಮೀಸೆ ತೀಡಿದರು. ಕೊನೆಗೆ ಬೆರಳು ಮಡಚುತ್ತ ಹೇಳಿದರು: ಹುಬ್ಬಳ್ಳಿಯಿಂದ ಗ್ಯಾಸ್ ಮೀಟರ್ ಬರುತ್ತದೆ. ಗೋಡೆಯನ್ನು ಛಾವಣಿ ತನಕ ಏರಿಸಬೇಕು. ಬತ್ತಿಯನ್ನು ಹೂವು ಬರುವ ಒಂದು ತಾಸು ಮೊದಲೇ ಹಚ್ಚಿ, ಕಿಟಕಿ ತೆಗೆದು, ವಾಸನೆ ಹೋದ ಮೇಲೆ ಹೆಂಗಸರಲ್ಲಿ ಒಬ್ಬಳು ನೋಡಿ ಹೇಳಬೇಕು. ಮಿಷನ್ನು ಹುಲುಗಪ್ಪನದೇ.

ಹುಲುಗಪ್ಪ ಎದ್ದು ಕೈ ಮುಗಿಯಲು ಹೋದ.

"ನನಗ ಆಮ್ಯಾಲ ಮುಗಿ" ಅಂದರು ಸಾವ್ಕಾರರು. "ನಿನ್ನ ಮಾತು ಕೇಳಿ ನಾಲ್ಕು ಮಂದಿ ಎದುರಿಗೆ ಆ ಪಂಕ್ಚರ್‌ನವನಿಗೆ ಬೈದು ಬಂದೀನಿ. ಮೊದಲು ಅಲ್ಲಿ ಹೋಗು. ನಾನೂ ಹೋಗ್ಬೇಕು, ಆದ್ರ ಮೊದಲು ನೀನು."

ವಾಲ್ವು ತಿರುಗಿಸಲು ಹೋಗುವಾಗ ಇಲ್ಲದ ಹೆದರಿಕೆ ಈಗ ಬಂತು. ಒದ್ದೆ ಬಟ್ಟೆಯಲ್ಲೇ ಕಾಂಪೌಂಡು ಸುತ್ತಿ ಹೋದ. ಅಂಜಿನೇಯಲು ನೀರಿನ ಬಾನಿಯ ಮುಂದೆ ಕೂತು ಟ್ಯೂಬೊಂದನ್ನು ಅದ್ದಿ ಗುಳ್ಳೆ ಹುಡುಕುತ್ತಿದ್ದ. ತಲೆ ಎತ್ತಲಿಲ್ಲ. ಪಕ್ಕದಲ್ಲಿ ಇನ್ನೂ ಎರಡು ಟ್ಯೂಬು ಕಾಯುತ್ತಿದ್ದವು. ಹುಲುಗಪ್ಪನೂ ಕಾಯಬೇಕಾಯಿತು. ಮೊದಲ ಟ್ಯೂಬು ಮುಗಿಯಿತು, ಎರಡನೆಯದೂ ಮುಗಿಯಿತು. ಮೂರನೆಯದರಲ್ಲಿ ತೂತು ಸಿಗಲೊಲ್ಲದು.

"ಅಲ್ಲೈತಿ ನೋಡು, ನಿನ್ನ ಹೆಬ್ಬೆಟ್ಟಿನ ಹಿಂದ" ಅಂದ ಹುಲುಗಪ್ಪ. ಸಾಸಿವೆಯಷ್ಟು ಗುಳ್ಳೆ ಏಳುತ್ತಿತ್ತು.

ಅಂಜಿನೇಯಲು ಅಲ್ಲಿ ಬಳಪದಿಂದ ಗುರುತು ಹಾಕಿದ.

"ತಪ್ಪಾತು" ಅಂದ ಹುಲುಗಪ್ಪ, ಬಾನಿ ನೋಡುತ್ತ.

"ಯಾರಿಗೆ ಹೇಳ್ತಿ, ಟ್ಯೂಬಿಗೇನು?"

ಹುಲುಗಪ್ಪ ಕಷ್ಟಪಟ್ಟು ಕತ್ತೆತ್ತಿದ. "ನೀ ಟೈರ್ ಸುಟ್ಟಿಲ್ಲ. ನಾನು ಸುಳ್ಳು ಹೇಳಿದೆ. ತಪ್ಪಾತು, ಅಂಜಿನೇಯಲು."

ಅಂಜಿನೇಯಲು ತೇಪೆ ಅಂಟಿಸಿ, ಮೇಲೆ ಹೆಬ್ಬೆರಳು ಒತ್ತಿ, ಐವತ್ತು ಎಣಿಸುವಷ್ಟು ಹೊತ್ತು ಹಿಡಿದ. ಆಮೇಲೆ ಮೂಲೆಯಲ್ಲಿದ್ದ ಕೈಪಂಪನ್ನು ಕಾಲಿನಿಂದ ಇವನ ಕಡೆ ಸರಿಸಿ, "ಗಾಳಿ ಹೊಡಿ. ಗಾಳಿ ಮಿಷನ್ ಕೆಟ್ಟೈತಿ" ಅಂದ.

ಹುಲುಗಪ್ಪ ಒದ್ದೆ ತೋಳು ಮಡಚಿ ಪಂಪು ಹಿಡಿದ.